ಕಡ್ಡಿ ಮುರಿದ ಸದ್ದು

ನಮ್ಮ ಗುಡ್ಡದಲ್ಲಿ ದೇವರ ವಿಷಯಕ್ಕೆ ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಗಾಂಜಾ ಮೊಗ್ಗಿನ ಸುತ್ತಲ ಎಲೆಯನ್ನು ಹಸಿಯಿದ್ದಾಗಲೇ ಸವರಬೇಕೋ ಒಣಗಿದ ಮೇಲೆ ಸವರಬೇಕೋ ಎಂಬ ವಿಷಯಕ್ಕೆ ಮನೆ ಎರಡಾದದ್ದನ್ನು ಮಾತ್ರ ಕಂಡಿದ್ದೇನೆ. ಹಸಿ ಪಂಗಡದವರು ಗಿಡ ಕಡಿದ ದಿನವೇ ಕತ್ತರಿ ಹಿಡಿದು ಕೂರುತ್ತಾರೆ. ಎಲೆ ಆಗ ಸೆಟೆದು ನಿಂತಿರುತ್ತದೆ, ಕೆಲಸ ಬೇಗ ಸಾಗುತ್ತದೆ, ಬೋಳಾದ ಮೊಗ್ಗು ಬಲೆಯ ಮೇಲೆ ಐದಾರು ದಿನದಲ್ಲಿ ಒಣಗುತ್ತದೆ. ಒಣ ಪಂಗಡದವರು ರೆಂಬೆಯನ್ನು ಎಲೆ ಸಮೇತ ಕತ್ತಲೆ ಶೆಡ್ಡಿನಲ್ಲಿ ತಲೆಕೆಳಗಾಗಿ ತೂಗುಹಾಕುತ್ತಾರೆ. ಎಲೆ ಬಾಡಿ ಮೊಗ್ಗನ್ನು ಶಾಲಿನ ಹಾಗೆ ಸುತ್ತಿಕೊಳ್ಳುತ್ತದೆ, ನಿಧಾನಕ್ಕೆ ಒಣಗುತ್ತದೆ, ಪರಿಮಳ ಒಳಗೇ ಉಳಿಯುತ್ತದೆ. ಆಮೇಲೆ ಆ ಮುದುಡಿದ ಎಲೆಯನ್ನು ಒಂದೊಂದಾಗಿ ಬಿಡಿಸಿ ಸವರುವಾಗ ನಮ್ಮಂಥವರ ಸೊಂಟ ಬೀಳುತ್ತದೆ. ಸೊಂಟ ಬೆಳೆಗಾರರದಲ್ಲವಲ್ಲ, ಹಾಗಾಗಿ ಅವರಲ್ಲಿ ಒಣ ಪಂಗಡದವರೇ ಹೆಚ್ಚು.

ಎಲ್ಬರ್ಟ್ ಆ ಪಂಗಡದ ಮಠಾಧಿಪತಿ. ವಯಸ್ಸು ಎಪ್ಪತ್ತಾರು. ಹರೆಯದಲ್ಲಿ ಮರದ ಮಿಲ್ಲಿನಲ್ಲಿ ದುಡಿದು, ಎಡಗೈಯ ಎರಡು ಬೆರಳ ತುದಿಯನ್ನು ಗರಗಸಕ್ಕೆ ಕೊಟ್ಟು, ಈಲ್ ನದಿಯ ಮೇಲಿನ ಈ ದಿಣ್ಣೆಗೆ ಬಂದು ನೆಲೆಸಿದವನು. ಪೊಲೀಸ್ ಹೆಲಿಕಾಪ್ಟರ್ ಸದ್ದಿಗೆ ಗಿಡಗಳನ್ನು ಪೊದೆಯಲ್ಲಿ ಬಚ್ಚಿಟ್ಟ ಕಾಲವನ್ನೂ ಕಂಡಿದ್ದಾನೆ, ಸರ್ಕಾರದ ಲೈಸೆನ್ಸಿಗೆ ಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕುವ ಈ ಕಾಲವನ್ನೂ ಕಾಣುತ್ತಿದ್ದಾನೆ. ಹೆಂಡತಿ ತೀರಿಹೋಗಿ ಎಂಟು ವರ್ಷ. ಮಗಳು ಟ್ಯಾನ್ಸಿಗೆ ನಲವತ್ತೊಂದು, ಅಪ್ಪನ ಮೂಗು, ಅಪ್ಪನ ಹಟ. ಹಟವನ್ನು ಮಾತ್ರ ಹಸಿ ಪಂಗಡಕ್ಕೆ ಕೊಟ್ಟಿದ್ದಾಳೆ.

ನಾನು ರೋಡಾ. ಇಪ್ಪತ್ತೆರಡು ಸುಗ್ಗಿಯಿಂದ ಅವನ ಮೇಜಿನಲ್ಲಿ ಕತ್ತರಿ ಹಿಡಿದಿದ್ದೇನೆ. ನಮ್ಮ ಮೇಜಿಗೆ ಕೆಲವು ಕಟ್ಟಳೆಗಳಿವೆ. ಬೆಳೆಗಾರ ಮೇಜಿಗೆ ಕೂರುವ ಹಾಗಿಲ್ಲ, ಕೂತರೆ ಅವನನ್ನು ಆಡಿಕೊಳ್ಳುವುದು ಹೇಗೆ? ಕತ್ತರಿ ಅವರವರದ್ದೇ. ಅಲಗಿಗೆ ಮೆತ್ತಿಕೊಳ್ಳುವ ಕಪ್ಪು ಅಂಟನ್ನು ಕೆರೆದು ಉಂಡೆ ಮಾಡಿದರೆ ಸೇದಲು ಸೊಗಸಾದ ಆ ಉಂಡೆ ಸವರಿದವರದ್ದು, ಬೆಳೆಗಾರ ಅದನ್ನು ಕೇಳುವ ಹಾಗಿಲ್ಲ. ಇನ್ನು ಕೊನೆಯದು, ಕೆಲಸ ಬಿಟ್ಟು ಏಳುವಾಗ ಕತ್ತರಿಯನ್ನು ಮೇಜಿನ ಮೇಲೆ ಬಿಟ್ಟವರು ಮತ್ತೆ ಬರುತ್ತಾರೆ ಎಂದು ಅರ್ಥ. ಜೇಬಿಗೆ ಹಾಕಿಕೊಂಡವರು ಬರುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಯೂ ಇಲ್ಲ.

ಮೇಜಿಗೆ ಕೆಲಸ ಬರುವುದು ಎಲ್ಬರ್ಟ್ ಹೇಳಿದ ಮೇಲೆ. ತೂಗುಹಾಕಿದ ಏಳನೇ ದಿನದಿಂದ ಅವನು ಬೆಳಿಗ್ಗೆ ಕಾಫಿ ಕುಡಿದು ಶೆಡ್ಡಿನ ಬೀಗ ತೆಗೆದು ಒಬ್ಬನೇ ಒಳಗೆ ಹೋಗುತ್ತಾನೆ. ಒಂದು ಮೊಗ್ಗಿನ ಕಡ್ಡಿಯನ್ನು ಎಡಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಬಗ್ಗಿಸುತ್ತಾನೆ. ಹಸಿ ಕಡ್ಡಿ ಸದ್ದಿಲ್ಲದೆ ಮಡಚಿ ನಾರಿನಲ್ಲಿ ನೇತಾಡುತ್ತದೆ. ಹದವಾದ ಕಡ್ಡಿ ಚಟ್ ಎಂದು ಮುರಿದು, ಅದೂ ನಾರಿನಲ್ಲಿ ನೇತಾಡುತ್ತದೆ. ಆ ಕತ್ತಲೆಯಲ್ಲಿ, ಆ ಮಿಲ್ಲಿನ ಬೆರಳಿಗೆ, ಎರಡಕ್ಕೂ ವ್ಯತ್ಯಾಸ ಸದ್ದಿನಲ್ಲಿ ಮಾತ್ರ. ಮೊಗ್ಗನ್ನು ಹಿಸುಕಿ ಹದ ಹೇಳುವವರನ್ನು ಕಂಡರೆ ಅವನಿಗೆ ತಾತ್ಸಾರ. ಮೇಲೆ ಒಣಗಿದ್ದು ಒಳಗೆ ಹಸಿಯಿರುತ್ತದೆ, ಬೆರಳು ಸುಳ್ಳು ಹೇಳುತ್ತದೆ, ಕಡ್ಡಿ ಹೇಳುವುದಿಲ್ಲ ಎನ್ನುತ್ತಿದ್ದ. ಸದ್ದು ಬಂದ ದಿನ ಹೊರಗೆ ಬಂದು "ಇಳಿಸಿ" ಎನ್ನುತ್ತಾನೆ. ನಾವು ಇಳಿಸುತ್ತೇವೆ. ಇಪ್ಪತ್ತು ಸುಗ್ಗಿಯಲ್ಲಿ ಒಂದು ಸಲವೂ ಆ ಮಾತು ತಪ್ಪಿರಲಿಲ್ಲ. ಸುತ್ತಲ ದಿಣ್ಣೆಯವರು ಕೂಡ ತಮ್ಮ ಕಡ್ಡಿ ತಂದು ಅವನ ಕಿವಿಗೆ ಹಿಡಿಸಿಕೊಂಡು ಹೋಗುತ್ತಿದ್ದರು.

ಹೋದ ವರ್ಷ ತಪ್ಪಿತು.

ಎಂಟನೇ ದಿನ ನಾನು ಖಾಲಿ ತಟ್ಟೆಗಳನ್ನು ಶೆಡ್ಡಿನ ಬಾಗಿಲಲ್ಲಿ ಇಡಲು ಹೋಗಿದ್ದೆ. ಒಳಗೆ ಅವನು ಕಡ್ಡಿ ಬಗ್ಗಿಸಿದ. ಚಟ್ ಎಂದದ್ದು ಬಾಗಿಲಲ್ಲಿದ್ದ ನನಗೆ ಕೇಳಿಸಿತು. ಅವನು ತಲೆಯಾಡಿಸಿ "ಇನ್ನೂ ಇಲ್ಲ" ಎಂದು ಹೊರಗೆ ಬಂದ. ನನಗೆ ಗೊತ್ತಿಲ್ಲದ್ದು ಏನೋ ಅವನಿಗೆ ಗೊತ್ತಿರಬೇಕು ಎಂದುಕೊಂಡೆ. ಮರುದಿನ ಬೇಕೆಂದೇ ತಟ್ಟೆ ಹೊತ್ತುಕೊಂಡು ಹೋದೆ. ಮತ್ತೆ ಚಟ್. ಮತ್ತೆ "ಇನ್ನೂ ಇಲ್ಲ." ಆ ವಾರ ಪೂರ್ವದ ಒಣಗಾಳಿ ಬೇರೆ ಬೀಸುತ್ತಿತ್ತು. ಹದಿಮೂರನೇ ದಿನ ಕಡ್ಡಿ ನಾರೂ ಉಳಿಯದೆ ಎರಡು ತುಂಡಾಗಿ ಕೈಗೆ ಬಂದ ಮೇಲೆ ಅವನು ಇಳಿಸಿ ಎಂದಾಗ ಮೊಗ್ಗುಗಳು ಕತ್ತರಿ ತಾಗಿದರೆ ಉದುರಿ ತಟ್ಟೆಯಲ್ಲಿ ಪುಡಿಯಾದವು. ಪರಿಮಳವೆಲ್ಲ ಹೋಗಿ ಹಳೇ ಹುಲ್ಲಿನ ವಾಸನೆ ಉಳಿದಿತ್ತು.

ಎಲ್ಬರ್ಟ್ ಕಾರಣ ಹುಡುಕಿದ. ಹಿಂದಿನ ದಿನ ಶೆಡ್ಡಿನ ಹಿಂಬಾಗಿಲು ಒಂದು ಗೇಣು ತೆರೆದಿದ್ದದ್ದು ನೆನಪಾಯಿತು. ಆ ಬಾಗಿಲಿನಿಂದ ಕೊನೆಗೆ ಹೊರಬಂದವನು ಅನಿಬಲ್.

ಅನಿಬಲ್ ಸಿಲ್ವೇರಾ ನನ್ನ ಎದುರು ಕುರ್ಚಿಯವನು. ಫರ್ನ್‌ಡೇಲ್ ಕಡೆಯ ಪೋರ್ಚುಗೀಸ್ ಹಾಲಿನವರ ಮನೆಯವನು. ಹಸುಗಳು ಮಾರಿಹೋದ ಮೇಲೆ ನಮ್ಮ ಮೇಜಿಗೆ ಬಂದ. ಹಾಲು ಕರೆದ ಕೈಯಾದ್ದರಿಂದ ಅವನ ಕತ್ತರಿ ನಮ್ಮೆಲ್ಲರಿಗಿಂತ ಚುರುಕು, ಮಾತು ನಮ್ಮೆಲ್ಲರಿಗಿಂತ ಕಡಿಮೆ. ಹದಿನಾಲ್ಕು ಸುಗ್ಗಿ ಕೂತಿದ್ದ.

"ಬಾಗಿಲು ಹಾಕಿದ್ದೆ," ಎಂದ ಅನಿಬಲ್.

"ಹಾಕಿದ್ರೆ ಗಾಳಿ ಹೆಂಗೆ ನುಗ್ತು? ಗೋಡೆ ತೂರ್ಕೊಂಡು ಬಂತಾ?"

"ಹಾಕಿದ್ದೆ, ಎಲ್ಬರ್ಟ್."

"ಗೇಟು ಆ ಕಡೆ ಇದೆ," ಎಂದ ಎಲ್ಬರ್ಟ್.

ಒಂದು ಗೇಣು ಬಾಗಿಲು ಒಂದು ದಿನ ತೆರೆದಿದ್ದರೆ ಶೆಡ್ಡು ತುಂಬ ತೂಗುವ ರೆಂಬೆಗಳು ಪುಡಿಯಾಗುವುದಿಲ್ಲ. ಅದು ಮೇಜಿನಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಪುಡಿಯಾದದ್ದು ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಅನಿಬಲ್ ಎದ್ದು ನಿಂತು ಒಂದು ಕ್ಷಣ ಕಾದ. ಆಮೇಲೆ ಹೋದ. ಅವನ ಕತ್ತರಿ ಮೇಜಿನ ಮೇಲೇ ಉಳಿಯಿತು. ಸಿಟ್ಟಿನಲ್ಲಿ ಮರೆತನೋ ಬೇಕೆಂದೇ ಬಿಟ್ಟನೋ ಯಾರಿಗೂ ತಿಳಿಯಲಿಲ್ಲ. ಯಾರೂ ಅದನ್ನು ಮುಟ್ಟಲಿಲ್ಲ, ಯಾರೂ ಅವನನ್ನು ಕರೆಯಲೂ ಇಲ್ಲ. ಅಲಗಿನ ಮೇಲಿದ್ದ ಅಂಟನ್ನು ಮಾತ್ರ ನಾನು ಕೆರೆದು ಉಂಡೆ ಮಾಡಿ ಕಾಗದದಲ್ಲಿ ಕಟ್ಟಿ, ಅಲಗಿಗೆ ಎಣ್ಣೆ ಹಾಕಿ, ಕತ್ತರಿಯನ್ನು ಅವನ ಜಾಗದಲ್ಲಿ ಇಟ್ಟೆ.

ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಹೆದರಿದೆ. ಎಲ್ಬರ್ಟ್ ನನ್ನನ್ನೂ ಕಳಿಸುತ್ತಾನೆಂದಲ್ಲ. ಆ ಮುದುಕನಲ್ಲಿ ಉಳಿದಿರುವುದೇ ಅದೊಂದು, ಆ ಕಿವಿ. ಅದೂ ಇಲ್ಲ ಎಂದು ಅವನ ಮುಖಕ್ಕೆ ಹೇಳುವವಳು ನಾನಾಗುವುದು ಬೇಡವೆನಿಸಿತು. ಅನಿಬಲ್ ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಕಿಕೊಂಡ ಕೂಡ. ಯುರೇಕಾ ಬಂದರಿನಲ್ಲಿ ಮೀನು ಕೊಯ್ಯುವ ಕೆಲಸ.

ಈ ವರ್ಷ ಅಕ್ಟೋಬರ್ ಮೊದಲ ವಾರ ಗಿಡ ಕಡಿದೆವು. ತೂಗುಹಾಕುವ ಮೊದಲೇ ಟ್ಯಾನ್ಸಿ ಎಲ್ಲರೆದುರು ಮಾತೆತ್ತಿದಳು.

"ಈ ಸಲ ಪುಡಿ ಆದ್ರೆ, ಅಪ್ಪ, ಮುಂದಿನ ವರ್ಷದಿಂದ ಶೆಡ್ಡಿನ ಕೀಲಿ ನನ್ನ ಹತ್ರ. ಹಸೀಲೇ ಸವರ್ತೀನಿ. ಹದ ನೋಡಕ್ಕೆ ಮೆಷಿನ್ ತರ್ತೀನಿ."

"ಹಸಿ ಸವರಿದ್ದನ್ನ ಆ ಮೆಷಿನ್ನಿಗೇ ಸೇದಕ್ಕೆ ಕೊಡು," ಎಂದ ಎಲ್ಬರ್ಟ್. "ಮನುಷ್ಯರು ಸೇದಲ್ಲ."

"ಹೋದ ವರ್ಷದ್ದನ್ನ ಯಾವ ಮನುಷ್ಯ ಸೇದಿದ?"

ಎಲ್ಬರ್ಟ್‌ಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದನೋ. ಮೇವಿಸ್ ನನ್ನ ಕಾಲನ್ನು ಮೇಜಿನ ಕೆಳಗೆ ಒದ್ದಳು. ಮೇವಿಸ್ ನನ್ನ ಬಲಗಡೆ ಕುರ್ಚಿಯವಳು. ಅರವತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ಹದಿನಾರು.

ಎಂಟನೇ ದಿನ, ಶನಿವಾರ, ನಾನು ತಟ್ಟೆಗಳನ್ನು ಹೊತ್ತು ಶೆಡ್ಡಿನ ಬಾಗಿಲಿಗೆ ಹೋದೆ. ಚಟ್ ಎಂದಿತು. ಅವನು ಕಣ್ಣು ತೆರೆದು, ನೇತಾಡುವ ಕಡ್ಡಿಯನ್ನು ಕೆಳಗೆ ಬಿಟ್ಟು, "ಇನ್ನೂ ಇಲ್ಲ" ಎಂದ. ಹೋದ ವರ್ಷದ್ದೇ ದಿನ, ಅದೇ ತಟ್ಟೆ, ಅದೇ ಮಾತು.

ಒಳಗೆ ಬಂದು ಮೇವಿಸ್ ಪಕ್ಕ ಕೂತೆ. ಶೆಡ್ಡಿಗೆ ಹಾಕದೆ ಬೇರೆ ಒಣಗಿಸಿಟ್ಟಿದ್ದ ಎಳೆ ರೆಂಬೆಗಳನ್ನು ಅವಳು ಸವರುತ್ತಿದ್ದಳು.

"ಮೇವಿಸ್, ಒಂದು ಮಾತು."

"ನಿನ್ನ ಮುಖ ನೋಡಿದ್ರೆ ಒಂದಲ್ಲ, ಹತ್ತಿರೋ ಹಾಗಿದೆ."

"ಎಲ್ಬರ್ಟ್‌ಗೆ ಕಡ್ಡಿ ಮುರಿಯೋ ಸದ್ದು ಕೇಳಿಸ್ತಿಲ್ಲ."

ಅವಳ ಕತ್ತರಿ ನಿಲ್ಲಲಿಲ್ಲ. "ಕೇಳಿಸ್ತಿಲ್ಲ ಅಂತ ನನಗೂ ಅನ್ನಿಸ್ತು. ಹೋದ ತಿಂಗಳು ಒಲೆ ಮೇಲೆ ಕೆಟಲ್ಲು ಬಾಯಿ ಬಡ್ಕೊಳ್ತಿತ್ತು, ಇವನು ಪಕ್ಕದಲ್ಲೇ ನಿಂತು ಸೂಪು ತಿರುಗಿಸ್ತಿದ್ದ. ಆ ಕೋಣೆಯಿಂದ ನಾನು ಓಡಿ ಬಂದು ಆರಿಸ್ದೆ. ನೀವೆಲ್ಲ ಗುಸುಗುಸು ಮಾತಾಡ್ತೀರಿ ಅಂತ ಬೈತಾನಲ್ಲ, ಎದುರಿಗೆ ನಿಂತು ತುಟಿ ನೋಡಿಯೇ ಅವನು ನಮ್ಮ ಮಾತು ಹಿಡಿಯೋದು. ಸಣ್ಣ ಸದ್ದೆಲ್ಲ ಹೋಗಿದೆ. ನಿನಗೆ ಯಾವಾಗ ಗೊತ್ತಾಯ್ತು?"

"ಈಗ್ಲೇ," ಎಂದೆ. ಅದು ಸುಳ್ಳು.

"ಹಾಗಾದ್ರೆ ಹೇಳು ಅವನಿಗೆ."

"ನೀನು ಹೇಳು."

"ನಾನು ಏನು ಹೇಳಿದ್ರೂ ತಮಾಷೆ ಅಂದ್ಕೊಳ್ತಾನೆ. ಟ್ಯಾನ್ಸಿಗೆ ಹೇಳಿದ್ರೆ ಸಂಜೆಯೊಳಗೆ ಕೀಲಿ ಕಿತ್ಕೊಳ್ತಾಳೆ, ಮುದುಕ ಮಲಗಿಬಿಡ್ತಾನೆ. ನೀನೇ ಹೇಳಬೇಕು. ಕಡ್ಡಿ ಮುರಿದ ಹಾಗೆ ಹೇಳಿಬಿಡು."

"ಅದೇ ಅವನಿಗೆ ಕೇಳಿಸಲ್ವಲ್ಲ," ಎಂದೆ. ಮೇವಿಸ್ ನಕ್ಕಳು. ನನಗೆ ನಗು ಬರಲಿಲ್ಲ.

ಭಾನುವಾರ ಮೇಜಿಗೆ ರಜೆ. ಗಾಡಿ ತೆಗೆದುಕೊಂಡು ಯುರೇಕಾಕ್ಕೆ ಹೋದೆ. ಎಲ್ಬರ್ಟ್‌ಗೆ ಹೇಳುವ ಮೊದಲು ಹೇಳಬೇಕಾದವನು ಇನ್ನೊಬ್ಬ ಇದ್ದ. ಅನಿಬಲ್ ರಬ್ಬರ್ ಏಪ್ರನ್ ಕಟ್ಟಿಕೊಂಡು ಟ್ಯೂನಾ ಮೀನಿನ ಹೊಟ್ಟೆ ಸೀಳುತ್ತಿದ್ದ. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ.

"ಏನು ರೋಡಾ, ಮೀನು ಬೇಕಾ?"

"ಬೇಡ."

"ಹಾಗಾದ್ರೆ ಸ್ವಲ್ಪ ದೂರ ನಿಂತ್ಕೋ. ನಿನ್ನ ಕೋಟಿನ ವಾಸನೆ ಮೀನಿಗೆ ಹತ್ತುತ್ತೆ, ಗಿರಾಕಿಗಳು ಜಾಸ್ತಿ ಆಗಿಬಿಡ್ತಾರೆ."

ದೂರ ನಿಂತೇ ಎಲ್ಲ ಹೇಳಿದೆ. ಹೋದ ವರ್ಷ ಎಂಟನೇ ದಿನ ಕೇಳಿಸಿದ ಸದ್ದು, ಒಂಬತ್ತನೇ ದಿನದ ಸದ್ದು, ಬಾಗಿಲಿನಿಂದ ಏನೂ ಆಗಲಿಲ್ಲ ಎಂದು ನನಗೆ ಆವತ್ತೇ ಗೊತ್ತಿದ್ದದ್ದು. ಅವನು ಒಂದು ಮೀನು ಮುಗಿಸಿ ಇನ್ನೊಂದನ್ನು ಎಳೆದುಕೊಂಡ.

"ಆವತ್ತೇ ಹೇಳಬಹುದಿತ್ತು ನೀನು."

"ಹೌದು."

"ಎದ್ದು ನಿಂತೆನಲ್ಲ, ನಿನ್ನ ಮುಖಾನೇ ನೋಡ್ತಿದ್ದೆ. ಹದಿನಾಲ್ಕು ವರ್ಷ ಎದುರು ಕುರ್ಚೀಲಿ ಕೂತವಳು, ಒಂದು ಮಾತು ಆಡ್ತಾಳೆ ಅಂತ ಕಾದೆ. ತಲೆ ಬಗ್ಗಿಸಿ ಸವರ್ತಾ ಇದ್ದೆ ನೀನು. ಪುಡೀನ."

ಹೌದು ಎಂದೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಆ ಮೀನನ್ನೂ ಮುಗಿಸಿ ಅವನೇ ಮಾತಾಡಿದ. "ನಮ್ಮಪ್ಪನಿಗೂ ಕಿವಿ ಹೋಯ್ತು. ಹಾಲಿನ ಮೆಷಿನ್ನಿನ ಪಕ್ಕ ಮೂವತ್ತು ವರ್ಷ. ಆದ್ರೂ ಗಿಟಾರ್ ಬಿಡಲಿಲ್ಲ. ಶ್ರುತಿ ಮಾಡುವಾಗ ಗಿಟಾರಿನ ಕುತ್ತಿಗೆ ಕಚ್ಕೊಂಡು ತಂತಿ ಮೀಟ್ತಿದ್ದ. ಕಿವಿ ಹೋದ್ರೂ ಮೂಳೆ ಕೇಳುತ್ತೆ ಅಂತಿದ್ದ. ಅಮ್ಮ ಬೈತಿದ್ಲು, ಗಿಟಾರೇನು ದನದ ಮೂಳೇನಾ ಅಂತ." ಚಾಕುವನ್ನು ಒರೆಸಿದ. "ಮುದುಕನಿಗೆ ಕಡ್ಡೀನ ಹಲ್ಲಲ್ಲಿ ಕಚ್ಚಿ ಬಗ್ಗಿಸಕ್ಕೆ ಹೇಳು."

ನಾನು ಅವನನ್ನೇ ನೋಡಿದೆ.

"ನನ್ನ ಕತ್ತರಿ ಎಲ್ಲಿದೆ?"

"ನಿನ್ನ ಜಾಗದಲ್ಲೇ. ಎಣ್ಣೆ ಹಾಕಿಟ್ಟಿದೀನಿ."

"ಅಂಟು?"

"ಕೆರೆದು ಕಟ್ಟಿಟ್ಟಿದ್ದೆ," ಎಂದೆ. "ಜನವರಿಯಲ್ಲಿ ಮಳೆ ಜಾಸ್ತಿ ಇತ್ತು. ನಾನೇ ಸೇದಿಬಿಟ್ಟೆ."

"ಕಳ್ಳಿ," ಎಂದ ಅನಿಬಲ್. ತುಟಿಯ ಒಂದು ಮೂಲೆ ಅಲುಗಿತು, ಅಷ್ಟೇ. ನೀರಿನ ಪೈಪು ತಿರುಗಿಸಿ ಮೀನು ಕೊಯ್ಯುವ ಕಲ್ಲು ತೊಳೆಯತೊಡಗಿದ.

ಸೋಮವಾರ ಬೆಳಿಗ್ಗೆ ಎಲ್ಬರ್ಟ್ ಶೆಡ್ಡಿಗೆ ಹೋದಾಗ ನಾನೂ ಹಿಂದೆಯೇ ಹೋಗಿ ಬಾಗಿಲು ಎಳೆದುಕೊಂಡು ಬಲ್ಬು ಹಾಕಿದೆ. ಅದು ಕಟ್ಟಳೆಯಲ್ಲ. ಅವನು ಹುಬ್ಬು ಗಂಟಿಕ್ಕಿದ, ಆದರೂ ಕಡ್ಡಿ ತೆಗೆದುಕೊಂಡು ಕಿವಿಗೆ ಹಿಡಿದು ಕಣ್ಣು ಮುಚ್ಚಿದ. ಚಟ್. ಕಣ್ಣು ಬಿಟ್ಟು ಇಲ್ಲವೆಂದು ತಲೆಯಾಡಿಸಿದ.

ನಾನು ಬಲ್ಬಿನ ಕೆಳಗೆ, ನನ್ನ ತುಟಿ ಅವನಿಗೆ ಕಾಣುವ ಹಾಗೆ ನಿಂತೆ. "ಎಲ್ಬರ್ಟ್, ಅದು ಮುರೀತು."

"ಏನು?"

"ಕಡ್ಡಿ. ಚಟ್ ಅಂತು. ನನಗೆ ಕೇಳಿಸ್ತು. ನಿನಗೆ ಕೇಳಿಸಲಿಲ್ಲ."

ಅವನ ಮುಖ ಕೆಂಪಾಯಿತು. "ನೀನು ಕತ್ತರಿ ಹಿಡಿಯೋದಕ್ಕೆ ಮುಂಚಿಂದ ನಾನು ಕಡ್ಡಿ ಮುರೀತಿದೀನಿ. ಟ್ಯಾನ್ಸಿ ಕಳ್ಸಿದ್ಲಾ?"

"ಯಾರೂ ಕಳ್ಸಿಲ್ಲ. ಇನ್ನೊಂದು ಕಡ್ಡಿ ತಗೋ. ಹಲ್ಲಲ್ಲಿ ಕಚ್ಕೊಂಡು ಬಗ್ಗಿಸು."

"ತಲೆ ನೆಟ್ಟಗಿದೆಯಾ ನಿಂಗೆ? ಮೇಲೆ ಕೆಳಗೆ ಸೇರಿ ನನ್ನ ಹತ್ರ ಇರೋದು ಹನ್ನೊಂದು. ಒಂದಕ್ಕೊಂದು ತಾಗೋದು ಎರಡೇ ಜೋಡಿ."

"ಒಂದು ಜೋಡಿ ಸಾಕು. ಕಚ್ಚು."

ಸಿಟ್ಟಿನಲ್ಲೇ ಒಂದು ಕಡ್ಡಿ ಕಿತ್ತು, ಎಡಗಡೆಯ ಎರಡು ಹಲ್ಲುಗಳ ನಡುವೆ ಇಟ್ಟುಕೊಂಡು, ನನಗೆ ಬುದ್ಧಿ ಕಲಿಸುವವನ ಹಾಗೆ ಜೋರಾಗಿ ಬಗ್ಗಿಸಿದ. ಚಟ್ ಎಂದಿತು. ಎಲ್ಬರ್ಟ್ ಅಲ್ಲಾಡಲಿಲ್ಲ. ಕಡ್ಡಿಯನ್ನು ಬಾಯಿಂದ ತೆಗೆದು ನೋಡಿದ. ಇನ್ನೊಂದನ್ನು ಕಿತ್ತು ಮೊದಲು ಕಿವಿಯ ಹತ್ತಿರ ಮುರಿದ, ಆಮೇಲೆ ಮತ್ತೊಂದನ್ನು ಹಲ್ಲಿನಲ್ಲಿ. ಮತ್ತೆ ಕಿವಿಯಲ್ಲಿ. ಮತ್ತೆ ಹಲ್ಲಿನಲ್ಲಿ. ಎಷ್ಟು ಮುರಿದನೋ, ಕಾಲ ಕೆಳಗೆ ಒಂದು ಹಿಡಿ ಬಿದ್ದಿತ್ತು. ಅವನ ಕೆನ್ನೆ ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳುವುದು ಅವನಿಗೆ ಹೊಳೆಯಲಿಲ್ಲ. ನನಗೆ ಅಯ್ಯೋ ಎನಿಸಿತು, ಹತ್ತಿರ ಹೋಗಬೇಕೆನಿಸಿತು, ಹೋಗಲಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಶನಿವಾರದಿಂದ."

"ಅದಲ್ಲ. ಹೋದ ವರ್ಷ."

"ಎಂಟನೇ ದಿನದಿಂದ."

ಮೊಂಡು ಬೆರಳಲ್ಲಿ ಎಣಿಸಿದ. ಎಂಟರಿಂದ ಹದಿಮೂರು. ಮಗುಚಿದ ಬಕೆಟ್ಟಿನ ಮೇಲೆ ಕೂತ. "ಬಾಗಿಲು?"

"ಬಾಗಿಲಿಂದ ಏನೂ ಆಗಲಿಲ್ಲ."

ಆಮೇಲೆ ತಲೆಯೆತ್ತಿ ನನ್ನ ತುಟಿಯನ್ನಲ್ಲ, ಕಣ್ಣನ್ನು ನೋಡಿದ. "ನೀನು ಆಗ್ಲೇ ಕೇಳಿಸ್ಕೊಂಡಿದ್ದೆ."

"ಹೂಂ."

"ಹಾಗಾದ್ರೆ ಅವನನ್ನ ಕಳಿಸಿದ್ದು ನಾನೊಬ್ಬನೇ ಅಲ್ಲ."

"ಅಲ್ಲ," ಎಂದೆ. ಒಂದು ವರ್ಷದಿಂದ ಆ ಮಾತನ್ನು ಯಾರಾದರೂ ನನಗೆ ಹೇಳಲಿ ಎಂದು ಕಾಯುತ್ತಿದ್ದೆ ಎಂಬುದು ಅವನು ಹೇಳಿದ ಮೇಲೆ ತಿಳಿಯಿತು. ಹೇಳಿದ್ದರಿಂದ ಹಗುರವೇನೂ ಆಗಲಿಲ್ಲ.

ಅವನು ಎದ್ದು ನೇರ ಮೇಜಿನ ಕೋಣೆಗೆ ಹೋದ. ಟ್ಯಾನ್ಸಿ, ಮೇವಿಸ್ ಇಬ್ಬರೂ ಇದ್ದರು. "ಇಳಿಸಿ," ಎಂದ. ಅವರು ಏಳುವ ಮೊದಲೇ ಕೈ ಅಡ್ಡ ಮಾಡಿದ. "ನನಗೆ ಕಿವಿ ಕೇಳಲ್ಲ. ಹೋದ ವರ್ಷ ಪುಡಿ ಮಾಡಿದ್ದು ನಾನು, ಗಾಳಿ ಅಲ್ಲ, ಅನಿಬಲ್ ಅಲ್ಲ. ಈ ವರ್ಷ ಹಲ್ಲಲ್ಲಿ ಕೇಳ್ದೆ. ಎರಡು ದಿನ ತಡ ಆಗಿದೆ, ಹಾಳಾಗಿಲ್ಲ." ಜೇಬಿನಿಂದ ಕೀಲಿ ತೆಗೆದು ಟ್ಯಾನ್ಸಿಯ ಮುಂದೆ ಇಟ್ಟ.

ಟ್ಯಾನ್ಸಿ ಕೀಲಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮುಟ್ಟಲಿಲ್ಲ. "ಹಲ್ಲು ಎಷ್ಟಿದೆ ಅಪ್ಪ?"

"ಹನ್ನೊಂದು."

"ಅಷ್ಟೂ ಉದುರಲಿ, ಆಮೇಲೆ ತಗೋತೀನಿ," ಎಂದಳು. ಮುಖ ಅತ್ತ ತಿರುಗಿಸಿ ಏಣಿ ತರಲು ಹೋದಳು. ಮೇವಿಸ್ ಹಿಂದಿನಿಂದ ಕೂಗಿದಳು, "ದಿನಾ ಬೆಳಿಗ್ಗೆ ಒಂದು ಲೋಟ ಹಾಲು ಕುಡಿಸು ಅವನಿಗೆ!"

ಸಂಜೆಯವರೆಗೆ ಇಳಿಸಿದೆವು. ಮೊಗ್ಗುಗಳು ಅಂಚಿನಲ್ಲಿ ಸ್ವಲ್ಪ ಗರಿಗರಿಯಾಗಿದ್ದವು, ಒಳಗೆ ಪರಿಮಳ ಹಾಗೇ ಇತ್ತು. ಬೆಳೆ ಉಳಿಯಿತು.

ಮಂಗಳವಾರ ಬೆಳಿಗ್ಗೆ ಎಲ್ಬರ್ಟ್ ಮೇಜಿನ ಹತ್ತಿರ ಬಂದು ಅನಿಬಲ್‌ನ ಕತ್ತರಿಯನ್ನು ಎತ್ತಿಕೊಂಡ. ಒಂದು ವರ್ಷದಿಂದ ಯಾರೂ ಎತ್ತಿರಲಿಲ್ಲ. ಕರವಸ್ತ್ರದಲ್ಲಿ ಸುತ್ತಿದ.

"ಅದನ್ಯಾಕೆ ತಗೊಂಡು ಹೋಗ್ತೀಯ?" ಎಂದಳು ಮೇವಿಸ್. "ಕತ್ತರಿ ಕೈಗೆ ಕೊಟ್ರೆ ಲೆಕ್ಕ ಮುಗಿಸಿ ಕಳಿಸಿದ ಹಾಗಾಗುತ್ತೆ."

"ಅವನ ವಸ್ತು. ಇಟ್ಕೊಳ್ಳೋದು ಬಿಡೋದು ಅವನು ಹೇಳ್ಲಿ. ನಾವು ಇಲ್ಲಿ ಕೂತ್ಕೊಂಡು ಹೇಳೋದಲ್ಲ," ಎಂದು ನನ್ನ ಕಡೆ ತಿರುಗಿದ. "ನೀನೂ ಬಾ."

ಬಂದರಿನಲ್ಲಿ ಆವತ್ತು ಗದ್ದಲ. ಮಂಜುಗಡ್ಡೆಯ ಯಂತ್ರ ಗುಡುಗುಡು ಎನ್ನುತ್ತಿತ್ತು, ಪೈಪಿನಿಂದ ನೀರು ಕಲ್ಲಿನ ಮೇಲೆ ಹರಿಯುತ್ತಿತ್ತು. ಎಲ್ಬರ್ಟ್ ಟೋಪಿ ತೆಗೆದು ಅನಿಬಲ್‌ನ ಎದುರು ನಿಂತ. ಆ ಗದ್ದಲದ ಮೇಲೆ, ಅಕ್ಕಪಕ್ಕದ ನಾಲ್ಕು ಜನ ತಿರುಗಿ ನೋಡುವ ಹಾಗೆ ಹೇಳಿದ.

"ನೀನು ಬಾಗಿಲು ಹಾಕಿದ್ದೆ. ತಪ್ಪು ನನ್ನ ಕಿವೀದು. ಹದಿನಾಲ್ಕು ವರ್ಷ ನನ್ನ ಮೇಜಿಗೆ ಕೂತವನ ಮಾತು ನಾನು ನಂಬಲಿಲ್ಲ. ನಿನ್ನ ಕುರ್ಚಿ ಖಾಲಿ ಇದೆ. ಬರೋದು ಬಿಡೋದು ನಿನಗೆ ಬಿಟ್ಟದ್ದು. ಕತ್ತರಿ ತಂದಿದೀನಿ."

ಕರವಸ್ತ್ರದ ಗಂಟನ್ನು ಕಲ್ಲಿನ ಒಣ ತುದಿಯಲ್ಲಿ ಇಟ್ಟ. ಅನಿಬಲ್ ಕೊನೆಯವರೆಗೂ ಅವನನ್ನೇ ನೋಡುತ್ತ ಕೇಳಿಸಿಕೊಂಡ. ಆಮೇಲೆ ಮೀನಿನ ಮೇಲೆ ಬಗ್ಗಿ, ಮುಖ ಕೆಳಗೆ ಹಾಕಿಯೇ, ಜೋರೂ ಅಲ್ಲದ ಮೆಲ್ಲಗೂ ಅಲ್ಲದ ದನಿಯಲ್ಲಿ ಒಂದು ಮಾತು ಹೇಳಿದ. ಎಲ್ಬರ್ಟ್‌ಗೆ ತುಟಿ ಕಾಣಲಿಲ್ಲ. ಅವನು ಟೋಪಿ ಹಿಡಿದುಕೊಂಡು, ಉತ್ತರ ಇನ್ನು ಬರಬೇಕು ಎನ್ನುವ ಹಾಗೆ ನಿಂತೇ ಇದ್ದ. ಅನಿಬಲ್ ಚಾಕುವಿನ ಹಿಡಿಯಿಂದ ಗಂಟನ್ನು ನನ್ನ ಕಡೆ ತಳ್ಳಿದ. ನಾನು ಎತ್ತಿಕೊಂಡು ಎಲ್ಬರ್ಟ್‌ನ ಮೊಣಕೈ ಮುಟ್ಟಿದೆ. ಹೊರಟೆವು.

ಊರು ದಾಟಿದೆವು. ರೆಡ್‌ವುಡ್ ಮರಗಳ ನೆರಳು ಶುರುವಾದ ಮೇಲೆ ಕೇಳಿದ.

"ಏನಂದ ಅವನು?"

ಯೋಚನೆ ಮಾಡ್ತೀನಿ ಅಂದ ಎಂದರೆ ಮುಗಿಯುತ್ತಿತ್ತು. ಮುದುಕ ಸಮಾಧಾನದಿಂದ ಗಾಡಿ ಓಡಿಸಬಹುದಿತ್ತು, ನಾನು ಕಿಟಕಿಯಿಂದ ನದಿ ನೋಡುತ್ತ ಕೂರಬಹುದಿತ್ತು. ಆ ಸುಳ್ಳು ನಾಲಿಗೆಯ ಮೇಲೆ ಸಿದ್ಧವಾಗಿತ್ತು, ಎಷ್ಟು ಸಲೀಸಾಗಿತ್ತೆಂದರೆ ನನಗೇ ಭಯವಾಯಿತು.

"ಗೇಟು ಆ ಕಡೆ ಇದೆ, ಅಂದ," ಎಂದೆ.

"ಏನು?" ಅವನ ಕಣ್ಣು ರಸ್ತೆಯ ಮೇಲಿತ್ತು. ನನ್ನ ತುಟಿ ಕಾಣುತ್ತಿರಲಿಲ್ಲ.

ಅವನ ಕಿವಿಯ ಹತ್ತಿರ ಬಗ್ಗಿ, ಗಂಟಲು ಹರಿಯುವ ಹಾಗೆ ಕೂಗಿದೆ. "ಗೇಟು ಆ ಕಡೆ ಇದೆ ಅಂದ!"

ಎರಡು ತಿರುವು ದಾಟಿತು.

"ನಾನಂದದ್ದೇ," ಎಂದ.

"ಹೂಂ."

"ಸರಿಯಾಗೇ ಹೇಳಿದಾನೆ." ಇನ್ನೊಂದು ತಿರುವು. "ಕತ್ತರಿ ಜೇಬಿಗೆ ಹಾಕ್ಕೊಂಡನಾ?"

ನಾನು ಗಂಟನ್ನು ಎತ್ತಿ ಸ್ಟೀರಿಂಗಿನ ಪಕ್ಕ ಹಿಡಿದು ತೋರಿಸಿದೆ. ಎಲ್ಬರ್ಟ್ ಅದನ್ನು ನೋಡಿದ, ರಸ್ತೆ ನೋಡಿದ, ಮತ್ತೆ ಅದನ್ನು ನೋಡಿದ. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ, ಆದರೂ ಬದಿಗೆ ತಂದು ನಿಲ್ಲಿಸಿದ.

"ಅವನ ಜಾಗದಲ್ಲೇ ಇಡು," ಎಂದ.

ಇಟ್ಟೆ. ಮೇವಿಸ್ ನೋಡಿದಳು, ಒಂದೂ ಮಾತಾಡಲಿಲ್ಲ. ಅವಳ ಜನ್ಮದಲ್ಲಿ ಅದು ಮೊದಲ ಸಲ ಇರಬೇಕು. ಅಲಗಿನ ಎಣ್ಣೆ ಒಣಗಿತ್ತು. ಇನ್ನೆರಡು ಹನಿ ಹಾಕಿ, ಬಾಯಿ ತೆಗೆದು ಮುಚ್ಚಿ ನೋಡಿ, ಹಿಡಿಯನ್ನು ಅವನ ಕುರ್ಚಿಯ ಕಡೆ ತಿರುಗಿಸಿ ಇಟ್ಟು, ನನ್ನ ತಟ್ಟೆಯನ್ನು ಎಳೆದುಕೊಂಡೆ.